ಉಡಿಯಲ್ಲಿ ಹಾಕಿದ್ದು

ಮೂರನೆಯ ರೊಟ್ಟಿಯನ್ನು ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದ ಮಹಾದೇವಮ್ಮ ಅದನ್ನು ತಿರುವಿ ಹಾಕುವುದನ್ನೇ ಮರೆತಳು. ಅವಳ ಕಣ್ಣು ಹಿಟ್ಟಿನ ಡಬ್ಬಿಯ ಮೇಲಿತ್ತು. ಅದರ ಅಡಿಯಲ್ಲಿ ನೀಲಿ ಇನ್‌ಲ್ಯಾಂಡ್ ಪತ್ರವೊಂದು ಎಂಟು ತಿಂಗಳಿಂದ ಬಿದ್ದಿತ್ತು.

"ಮಾದೇವಕ್ಕಾ, ರೊಟ್ಟಿ ಸೀಯಲಕತ್ತದ! ಮಗನಿಗಿ ಇದ್ದಿಲು ತಿನ್ನಸ್ತೀ ಏನು?" ಬಾಗಿಲಲ್ಲಿ ನಿಂತ ನೆರೆಮನೆಯ ದುಂಡಮ್ಮ ಕೂಗಿದಳು.

"ಅವನ ಬಾಯಾಗ ರುಚೀನೇ ಉಳದಿಲ್ಲ ದುಂಡವ್ವ. ರೊಟ್ಟಿ ಯಾವ್ದು, ಇದ್ದಿಲು ಯಾವ್ದು."

ಎರಡು ಸಲ ಕುದಿಸಿದ ನೀರು, ಹಾಲು, ರೊಟ್ಟಿ ಕಟ್ಟಿಕೊಂಡಳು. ಹೊರಡುವಾಗ ಡಬ್ಬಿ ಎತ್ತಿ, ಪತ್ರವನ್ನು ಎಲೆಯಡಿಕೆಯ ಸಂಚಿಗೆ ಸೇರಿಸಿದಳು. ಮಗ ಕಲಬುರಗಿಯ ದವಾಖಾನೆ ಸೇರಿದ ಈ ಒಂದು ತಿಂಗಳಿಂದ ದಿನಾ ಹೀಗೆಯೇ. ಬೆಳಿಗ್ಗೆ ಒಯ್ಯುವಳು, ಸಂಜೆ ತಂದು ಮತ್ತೆ ಡಬ್ಬಿಯ ಕೆಳಗಿಡುವಳು.

ಮಗ ಚಂದ್ರಶಾ ಕಮಲಾಪುರದ ತೋಟಗಳಿಂದ ಕೆಂಪು ಬಾಳೆಯ ಗೊನೆಗಳನ್ನು ಲಾರಿಗೆ ಹೊರುವವನು. ಅವನ ಎಡ ಹೆಗಲ ಮೇಲೊಂದು ಗಂಟು ಎದ್ದಾಗ ಯಾರೂ ಬೆಚ್ಚಲಿಲ್ಲ. ಗೊನೆ ಹೊರುವವರ ಹೆಗಲು ಗಂಟು ಕಟ್ಟುವುದು ಊರಿಗೆ ಹೊಸದಲ್ಲ. ಹೊರೆಯ ಗಂಟು ಎಂದರು. ತಾಯಿ ಎರಡು ತಿಂಗಳು ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. ನಿಂಬೆಕಾಯಿಯಷ್ಟಿದ್ದ ಗಂಟು ಮೋಸಂಬಿಯಷ್ಟಾಯಿತು. ಆಗ ಕಲಬುರಗಿಗೆ ಒಯ್ದು ಕೊಯ್ಯಿಸಿದರು. ಗಂಟಿನ ಚೂರು ಪರೀಕ್ಷೆಗೆ ಹೋಗಿ ಬಂದಾಗ, ಅಲ್ಲಿನ ಬ್ರಹ್ಮಪುರ ಬಡಾವಣೆಯ ದವಾಖಾನೆಯ ಡಾಕ್ಟರ್ ಖಮರುದ್ದೀನ್ ಅವಳನ್ನು ಎದುರಿಗೆ ಕೂಡಿಸಿಕೊಂಡಿದ್ದರು.

"ಅವ್ವಾ, ಇದು ರಕ್ತದ ಕ್ಯಾನ್ಸರ್. ಮೂಳಿಯೊಳಗ ಕೂಡೋ ಬದಲಿ ಹೊರಗ ಮಾಂಸದಾಗ ಗಂಟು ಕಟ್ಟ್ಯದ. ಈಗ ರಕ್ತ ಸಾಫ್ ಅದ, ಮೂಳಿ ಮಜ್ಜೆನೂ ಸಾಫ್ ಅದ. ಅಂದ್ರೂ ನಂಬಬ್ಯಾಡ್ರಿ. ಈಗೇ ಔಷಧ ಶುರು ಮಾಡಮ್ರಿ."

ಗಂಟು ಹೋಯಿತು, ರಕ್ತ ಸಾಫ್ ಇದೆ, ಮತ್ತೆ ಔಷಧ ಯಾತಕ್ಕೆ? ತಾಯಿ ಮಗ ಇಬ್ಬರೂ ಹಾಗೆಯೇ ಅಂದುಕೊಂಡು ಊರಿಗೆ ಬಂದರು. ಹಿಂದಿನ ದಿನ ಹೆದರಿ ಬರೆದಿಟ್ಟ ಪತ್ರವನ್ನು ಅವಳು ಡಬ್ಬಿಯ ಕೆಳಗೆ ತಳ್ಳಿದಳು. ಏಳನೆಯ ತಿಂಗಳಿಗೆ ಚಂದ್ರಶಾನ ವಸಡಿನಿಂದ ರಕ್ತ ಸೋರಿತು. ಪಕ್ಕೆಯ ಮೇಲೆ ಒಂದು, ದವಡೆಯ ಕೆಳಗೆ ಒಂದು, ಹೊಸ ಗಂಟುಗಳು ಎದ್ದವು. ಈ ಸಲ ಮಜ್ಜೆಯೂ ಕೆಟ್ಟಿತ್ತು. ಏಳು ದಿನ ಹಗಲೂ ರಾತ್ರಿ ನರಕ್ಕೆ ಔಷಧ ಇಳಿಸಿದರು. ತಲೆಗೂದಲು ಉದುರಿತು, ಬಾಯೆಲ್ಲ ಹುಣ್ಣಾಯಿತು, ಜ್ವರ ಅವನನ್ನು ಸುಟ್ಟು ಬಿಟ್ಟಿತು.

ರೊಟ್ಟಿ ಸೀದ ಆ ದಿನ ಡಾಕ್ಟರು ಹಾಸಿಗೆಯ ಹತ್ತಿರ ಬಂದು ಹೇಳಿದರು: "ಗಂಟು ಕರಗ್ಯಾವ. ಮಜ್ಜೆ ಸಾಫ್ ಆಗ್ಯದ."

ಮಹಾದೇವಮ್ಮ ಹಾಸಿಗೆಯ ಅಂಚಿನಿಂದ ಎದ್ದು ನಿಂತಳು. "ಹೋದ ಸಲನೂ ಸಾಫ್ ಅಂದಿದ್ರಿ ಸಾಹೇಬ್ರ."

"ಅದಕ್ಕೇ ಹೇಳ್ತೀನ್ರಿ. ಇದು ಮೂರು ತಿಂಗಳು ಇರ್ತದೋ, ಆರು ಇರ್ತದೋ. ಅಷ್ಟರಾಗ ಬೊಂಬಾಯಿಗಿ ಹೋಗಿ ಒಡಹುಟ್ಟಿದವರ ಮಜ್ಜೆ ಹಾಕಿಸಬೇಕು. ಅದೂ ನಾಕು ಮಂದ್ಯಾಗ ಒಬ್ಬರದು ಕೂಡ್ತದ. ಕೂಡಿದ್ರೂ ಉಳದೇ ಉಳೀತಾನ ಅಂತ ನಾ ಬರದು ಕೊಡಲ್ಲ. ಇವನಿಗಿ ಅಣ್ಣ ತಮ್ಮ, ಅಕ್ಕ ತಂಗಿ?"

"ಇಲ್ರಿ. ಒಬ್ಬನೇ."

ಇಪ್ಪತ್ತೇಳು ವರ್ಷ ಹೇಳಿ ಹೇಳಿ ರೂಢಿಯಾದ ಮಾತು, ತಾನೇ ಬಾಯಿಗೆ ಬಂತು. ಡಾಕ್ಟರು ತಲೆ ತಗ್ಗಿಸಿ ಮುಂದಿನ ಹಾಸಿಗೆಗೆ ಹೋದರು.

ಅವಳ ಚೊಚ್ಚಲು ಹೆಣ್ಣು ಶಿವಕಾಂತಾ ನಾಲ್ಕು ತಿಂಗಳ ಕೂಸಿದ್ದಾಗ, ಮಕ್ಕಳು ನಿಲ್ಲದ ನಾದಿನಿ ಭೀಮಬಾಯಿ ಸೊಲ್ಲಾಪುರದಿಂದ ಬಂದು ಸೆರಗೊಡ್ಡಿದ್ದಳು. ಅಕ್ಕಿ, ಕೊಬ್ಬರಿ, ಅರಿಶಿನ ಕುಂಕುಮದ ಜೊತೆ ಕೂಸನ್ನೂ ಅವಳ ಉಡಿಯಲ್ಲಿ ಹಾಕಿದರು. ಉಡಿಯಲ್ಲಿ ಹಾಕಿದ್ದನ್ನು ತಿರುಗಿ ಕೇಳಬಾರದು, ನನ್ನದು ಎನ್ನಬಾರದು, ಎಂದರೆ ಆ ಕೂಸಿಗೇ ಕೇಡು ಎಂದಿದ್ದರು ಹಿರಿಯರು. ಗಂಡ ಪೀರಪ್ಪ ಸಾಯುವಾಗಲೂ ಮಗಳ ಹೆಸರೆತ್ತಲಿಲ್ಲ. ಒಂದನ್ನು ಉಳಿಸಲು ಹೋಗಿ ಇನ್ನೊಂದಕ್ಕೆ ಕೇಡು ತರಲೇ? ತಿಂಗಳಿಂದ ಪತ್ರ ಹಾಕಲು ಬಿಡದ ಭಯ ಈಗ ಇನ್ನೂ ಬಲಿಯಿತು.

ಹಾಲಲ್ಲಿ ನೆನೆಸಿದ ರೊಟ್ಟಿಯ ತುತ್ತನ್ನು ಚಂದ್ರಶಾ ಬಾಯಿಗಿಟ್ಟುಕೊಂಡು ಹೊರಗೆ ತೆಗೆದ. ಅದು ಕೆಂಪಾಗಿತ್ತು.

"ಒಬ್ಬನೇ ಹುಟ್ಟಿದ್ದು ಚೊಲೋ ಆತು ಬಿಡವ್ವ," ಎಂದು ಒಡೆದ ತುಟಿಯಲ್ಲೇ ನಕ್ಕ. "ಇನ್ನೊಬ್ಬ ಇದ್ದಿದ್ರ ಅವನ ಮೂಳೀಗೂ ಸೂಜಿ ಚುಚ್ಚತಿದ್ರು. ನಡಿ, ಮನಿಗಿ ಹೋಗಮು. ಸಾಯೋದಾದ್ರ ಬಾಳಿ ತೋಟದಾಗ ಸಾಯ್ತೀನಿ, ಇಲ್ಲಿ ಫಿನಾಯಿಲ್ ವಾಸನಿ."

ಅವಳು ಬಟ್ಟಲು ಕೆಳಗಿಟ್ಟಳು. "ನಿನಗ ಒಬ್ಬಾಕಿ ಅಕ್ಕ ಅದಾಳಪ್ಪ."

ಅವನು ಮೊಣಕೈ ಊರಿ ಎದ್ದು ಕುಳಿತ.

"ಸೊಲ್ಲಾಪುರದ ಅತ್ತಿ ಮಗಳು ಶಿವಕಾಂತಾ. ಆಕಿ ನನ್ನ ಹೊಟ್ಯಾಗ ಹುಟ್ಟಿದಾಕಿ. ಆಕಿಗೂ ಗೊತ್ತಿಲ್ಲ."

"ಒಂದು ಮದವ್ಯಾಗ ಆಕಿ ನನ್ನ ಕೈ ಹಿಡದು, ನಮ್ಮಿಬ್ಬರ ಬೆರಳು ಒಂದೇ ನಮೂನಿ ಅವ ನೋಡೋ ಅಂದಿದ್ಲು..." ಅವನು ತನ್ನ ಬೆರಳು ನೋಡಿಕೊಂಡ. "ಇಷ್ಟು ದಿನ ಯಾಕ ಸುಮ್ಮನಿದ್ದಿ?"

"ಉಡ್ಯಾಗ ಹಾಕಿದ್ದು, ಹೆಂಗ ಕೇಳಲಿ?"

ಅವನು ಗೋಡೆಯ ಕಡೆ ಹೊರಳಿದ. ಅತ್ತಲಿಂದಲೇ ಕೇಳಿದ: "ಮತ್ತ ನಾ ಯಾರ ಉಡ್ಯಾಗ ಅದೀನವ್ವಾ?"

ಅವಳು ಸಂಚಿ ಕೈಗೆತ್ತಿಕೊಂಡಳು. ಎದ್ದು ಹೊರಗೆ ಬಂದಳು. ಕಂಪೌಂಡರನ ಪೆನ್ನು ಇಸಿದುಕೊಂಡು, ಬೆಂಚಿನ ಮೇಲೆ ಪತ್ರ ಬಿಚ್ಚಿದಳು. ಬೇರೆಯವರ ಕೈಯಲ್ಲಿ ಬರೆಸುವ ಪತ್ರವಲ್ಲ ಅದು. ಎದುರು ನಿಂತು ಕೇಳುವ ಎದೆಯೂ ಅವಳಿಗಿರಲಿಲ್ಲ. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರಗಳು ಇಂದು ಉಪಯೋಗಕ್ಕೆ ಬಂದವು. ಎಂಟು ತಿಂಗಳ ಹಿಂದೆ ಬರೆದದ್ದು ಒಂದೇ ಸಾಲು: ಚಂದ್ರಶಾನಿಗೆ ಆರಾಮಿಲ್ಲ, ಶಿವಕಾಂತಾ ಒಮ್ಮೆ ನೋಡಿ ಹೋಗಲಿ. ಅದರ ಕೆಳಗೆ ಈಗ ಒಂದೊಂದೇ ಅಕ್ಷರ ತಿದ್ದುತ್ತ ಬರೆದಳು:

"ಭೀಮಬಾಯಿ, ಕೊಟ್ಟದ್ದನ್ನು ತಿರುಗಿ ಕೇಳುತ್ತಿಲ್ಲ. ಆಕೆ ನಿನ್ನ ಮಗಳೇ. ನನ್ನ ಮಗನಿಗೆ ಆಕೆಯ ಮೂಳೆಯ ಮಜ್ಜೆ ಬೇಕಾಗಿದೆ. ಮೊದಲು ರಕ್ತ ಕೂಡುತ್ತದೋ ಇಲ್ಲವೋ ನೋಡಬೇಕು. ಆಕೆಗೆ ಎಲ್ಲ ಹೇಳಿ, ಒಪ್ಪಿದರೆ ಕಳಿಸು. ಬೈಯುವುದಿದ್ದರೆ ಆಮೇಲೆ ಬೈಯಿ. ಕೇಡು ಇದ್ದರೆ ನನಗೆ ಬರಲಿ."

ಪತ್ರದ ಅಂಟು ಒಣಗಿ ಹೋಗಿತ್ತು. ಮಗ ಬಿಟ್ಟ ರೊಟ್ಟಿಯ ಚೂರೊಂದನ್ನು ನೀರಲ್ಲಿ ಕಿವುಚಿ, ಅಂಚಿಗೆ ಹಚ್ಚಿ, ಅಂಗೈಯಿಂದ ಒತ್ತಿ ಹಿಡಿದಳು.

ದವಾಖಾನೆಯ ಗೇಟಿನಾಚೆ ಕೆಂಪು ಟಪಾಲು ಡಬ್ಬಿ. ಪತ್ರ ಒಳಗೆ ಬಿದ್ದ ಮೇಲೂ ಅವಳ ಬೆರಳು ಅದರ ಬಾಯಲ್ಲೇ ಇತ್ತು.

"ಆತೇನ್ರಿ ಅವ್ವಾರ? ನಂದೂ ಒಂದು ಅದ," ಎಂದ ಹಿಂದೆ ನಿಂತಿದ್ದ ಯಾರೋ.

ಅವಳು ಕೈ ತೆಗೆದಳು.