ಹನ್ನೊಂದನೇ ಅಧ್ಯಾಯದ ಬಗ್ಗೆ ಮೂಗುತುದಿಯ ಅಭಿಪ್ರಾಯ

ಮಗಳ ಫೋನನ್ನು ದರ್ಜಿ ದಿನಾ ಬೆಳಿಗ್ಗೆ ಚಾರ್ಜಿಗೆ ಹಾಕುತ್ತಿದ್ದ. ಯಾಕೆಂದು ಹೆಂಡತಿ ಕೇಳಿರಲಿಲ್ಲ. ಮಗಳು ಹೋಗಿ ನಾಲ್ಕು ತಿಂಗಳಾಗಿತ್ತು. ಇಸ್ತ್ರಿ ಪೆಟ್ಟಿಗೆಯ ಪಕ್ಕದ ಪ್ಲಗ್ಗಿನಲ್ಲಿ ಫೋನು ಒಂದು ಗಂಟೆ ಕೂತು, ಹೊಟ್ಟೆ ತುಂಬಿಸಿಕೊಂಡು, ಗುಂಡಿಗಳ ಡ್ರಾಯರಿಗೆ ವಾಪಸು ಹೋಗುತ್ತಿತ್ತು. ಅದಕ್ಕೆ ಯಾರೂ ಕರೆ ಮಾಡುತ್ತಿರಲಿಲ್ಲ. ಕರೆ ಮಾಡುವಂಥವರಿಗೆಲ್ಲ ವಿಷಯ ಗೊತ್ತಿತ್ತು.

ಆವತ್ತು ಅಂಗಡಿಯಲ್ಲಿ ಅವನು ಯಾರದೋ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡುತ್ತಿದ್ದಾಗ ಡ್ರಾಯರಿನೊಳಗಿಂದ ಟಿಣ್ ಎಂದಿತು. ತೆಗೆದು ನೋಡಿದರೆ, "ಮೂಗುತುದಿ ಅವರೇ, ನೀವು ಕಾಯುತ್ತಿದ್ದ ಪುಸ್ತಕ ಬಂದಿದೆ" ಎಂದು ಬರೆದಿತ್ತು.

ಮೂಗುತುದಿ ಅಂದರೆ ಮಗಳೇ. ಸಣ್ಣವಳಿದ್ದಾಗಿನಿಂದ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತೆಂದು ಅಪ್ಪನೇ ಇಟ್ಟ ಅಡ್ಡಹೆಸರು. ಪುಸ್ತಕಗಳನ್ನು ಓದಿ ಕೇಳಿಸುವ ಆ್ಯಪೊಂದರಲ್ಲಿ ಅವಳು ಅದನ್ನೇ ತನ್ನ ಹೆಸರೆಂದು ಹಾಕಿಕೊಂಡಿದ್ದಳು. ಕಾಯುತ್ತಿದ್ದ ಪುಸ್ತಕ 'ಏಳು ಸೂರ್ಯರ ಗಾಥೆ'ಯ ಹತ್ತನೇ ಸಂಪುಟ. ಕತ್ತಿ, ಮಂತ್ರ, ಆಕಾಶನೌಕೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಅಲ್ಲಾಡಿಸಿದಂಥ ಕಥೆ ಅದು. ಈ ಸಲದ್ದರ ಹೆಸರು 'ಶವನೌಕೆ'. ಆಸ್ಪತ್ರೆಯಂಥ ಒಂದು ನೌಕೆಯಲ್ಲಿ ಸತ್ತವರು ಒಬ್ಬೊಬ್ಬರಾಗಿ ಎದ್ದು, ಬದುಕಿರುವವರನ್ನು ಕಚ್ಚುತ್ತ ಓಡಾಡುತ್ತಾರಂತೆ.

ಮಗಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಎರಡು ವರ್ಷ ಅವಳು ಡಯಾಲಿಸಿಸ್ ಯಂತ್ರದ ಪಕ್ಕ ತೋಳಿಗೆ ನಳಿಗೆ, ಕಿವಿಗೆ ಇಯರ್‌ಫೋನು ಚುಚ್ಚಿಕೊಂಡು ಮಲಗಿದ್ದಳು. ದರ್ಜಿ ಹೊರಗಿನ ಬೆಂಚಿನ ಮೇಲೆ ಕೂತು ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದ. ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಆವತ್ತು ಕೇಳಿದ್ದನ್ನೆಲ್ಲ ಹೇಳುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ.

"ಅಪ್ಪಾ, ಈಗ ಯಾರು ಸತ್ರು ಹೇಳು ನೋಡೋಣ."

"ರಾಜ."

"ಈ ಕಥೇಲಿ ರಾಜನೇ ಇಲ್ಲ. ನಿನ್ನ ಹೂಂಗೆ ಬೆಂಕಿ ಬೀಳ."

ಅವನಿಗೆ ಆಗ ನಗು ಬರುತ್ತಿತ್ತು. ಅವಳ ಕಾಲು ಆ ದಿನ ಎಷ್ಟು ಊದಿದೆ, ಮುಖ ಎಷ್ಟು ಬಿಳಿಚಿದೆ ಎಂಬುದರಲ್ಲೇ ಮನಸ್ಸಿರುವ ಮನುಷ್ಯನಿಗೆ ಏಳು ಸೂರ್ಯರ ಉಸಾಬರಿ ಎಲ್ಲಿಂದ ಬರಬೇಕು? ಹಾಗಂತ ಈಗ ಅವನು ತನ್ನನ್ನು ಸಮಾಧಾನ ಮಾಡಿಕೊಳ್ಳುತ್ತಿದ್ದ. ಸಮಾಧಾನವೇನೂ ಆಗುತ್ತಿರಲಿಲ್ಲ.

ಪುಸ್ತಕದ ಕೆಳಗೆ ಕೇಳುಗರ ಅಭಿಪ್ರಾಯಗಳಿದ್ದವು. ಬಂದು ಎರಡು ದಿನಕ್ಕೇ ಮೂವತ್ತು ದಾಟಿದ್ದವು. ಒಬ್ಬಳು ಐದು ನಕ್ಷತ್ರ ಕೊಟ್ಟು, ಬಚ್ಚಲಿಗೂ ಗಂಡನನ್ನು ಜೊತೆಗೆ ಕರೆದುಕೊಂಡು ಹೋಗುವಂತಾಗಿದೆ ಎಂದಿದ್ದಳು. ಇನ್ನೊಬ್ಬನಿಗೆ ಮೈತೂಕವೇ ಇಲ್ಲದ ಆಕಾಶದಲ್ಲಿ ಜಾಂಬಿಗಳು ಕಾಲೆಳೆದುಕೊಂಡು ನಡೆಯುವುದು ಹೇಗೆಂಬ ಚಿಂತೆ. ಓದುವ ಮಹಾಶಯ ಹೆಂಗಸರ ಮಾತು ಬಂದಾಗೆಲ್ಲ ನೆಗಡಿಯಾದವನಂತೆ ಮೂಗಲ್ಲಿ ಮಾತಾಡುತ್ತಾನೆ ಎಂದು ಮೂರು ಜನ ಬೈದಿದ್ದರು. ಹನ್ನೊಂದನೇ ಅಧ್ಯಾಯವನ್ನು ಮಾತ್ರ ಹೆಚ್ಚುಕಡಿಮೆ ಎಲ್ಲರೂ ಹೊಗಳಿದ್ದರು. ಇವೆಲ್ಲದರ ನಡುವೆ 'ಎರಡನೇ ಪಾಳಿ' ಎಂಬ ಹೆಸರಿನವನೊಬ್ಬ ಬರೆದಿದ್ದ: "ಮೂಗುತುದಿ ಎಲ್ಲಿ? ಅವಳು ಬೈಯದೆ ಪುಸ್ತಕ ಬಂದ ಹಾಗೇ ಅನಿಸ್ತಿಲ್ಲ."

ಅದರ ಕೆಳಗೆ ಇನ್ನೂ ಐದಾರು ಜನ ಅದನ್ನೇ ಕೇಳಿದ್ದರು.

ದರ್ಜಿ ಬಿಚ್ಚಿದ ಪ್ಯಾಂಟನ್ನು ತೊಡೆಯ ಮೇಲೆ ಹಾಕಿಕೊಂಡು ಅದನ್ನೇ ಮತ್ತೆ ಮತ್ತೆ ಓದಿದ. ಅವಳಿಲ್ಲ ಎಂದು ಗೊತ್ತಿಲ್ಲದ ಜನ ಇನ್ನೂ ಈ ಲೋಕದಲ್ಲಿದ್ದಾರೆ! ಅವರ ಲೆಕ್ಕದಲ್ಲಿ ಅವಳು ಮುನಿಸಿಕೊಂಡು ಎಲ್ಲೋ ಕೂತಿದ್ದಾಳೆ, ನಾಳೆಯೋ ನಾಳಿದ್ದೋ ಬರುತ್ತಾಳೆ. ಅವನಿಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಸ್ವಲ್ಪ ಹೊತ್ತಿಗೆ ಆ ಹೊಟ್ಟೆಕಿಚ್ಚು ಹೋಗಿ, ಅವರು ಹಾಗೇ ಇರಲಿ, ಅವರಿಗೆ ಎಂದೂ ಗೊತ್ತಾಗುವುದೇ ಬೇಡ ಎನಿಸಿತು.

ಅಂದಿನಿಂದ ಅವನು ಮಗಳ ಇಯರ್‌ಫೋನನ್ನು ಕಿವಿಗಿಟ್ಟುಕೊಂಡು ಹೊಲಿಗೆಗೆ ಕೂತ. ಪುಸ್ತಕ ಹದಿನಾಲ್ಕು ಗಂಟೆಯದು. ಎಂಟು ದಿನ ಹಿಡಿಯಿತು. ಮೊದಲೆರಡು ದಿನ ತಲೆ ಬುಡ ಗೊತ್ತಾಗಲಿಲ್ಲ. ಯಾವ ಗ್ರಹ, ಯಾರ ಕತ್ತಿ, ಇವನು ಅವನ ಭಾವನೋ ಶತ್ರುವೋ! ಮಗಳು ಬಸ್ಸಿನಲ್ಲಿ ಹೇಳಿದ್ದನ್ನು ಕಿವಿ ಮೇಲೆ ಹಾಕಿಕೊಂಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಆಮೇಲಾಮೇಲೆ, ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಕಥೆ ನಿಂತರೂ ಅವನಿಗೆ ಚಡಪಡಿಕೆಯಾಗತೊಡಗಿತು.

ಹನ್ನೊಂದನೇ ಅಧ್ಯಾಯ ಬಂದಾಗ ಮಧ್ಯಾಹ್ನ ಮೂರು ಗಂಟೆ. ನೌಕೆಯ ಯಂತ್ರ ನೋಡಿಕೊಳ್ಳುವ ಹೆಂಗಸಿನ ಮಗಳು ಎರಡು ದಿನದ ಹಿಂದೆ ಸತ್ತಿದ್ದಾಳೆ. ಈಗ ಆ ಹುಡುಗಿ ಎದ್ದು ಬಂದು, ನೌಕೆಯ ಹೊರಬಾಗಿಲಿಗೂ ಒಳಬಾಗಿಲಿಗೂ ನಡುವೆ ಇರುವ ಸಣ್ಣ ಕೋಣೆಯಲ್ಲಿ ನಿಂತು ಒಳಬಾಗಿಲು ಬಡಿಯುತ್ತಾಳೆ. "ಅಮ್ಮಾ, ಚಳಿ" ಎನ್ನುತ್ತಾಳೆ. ಗಾಜಿನಿಂದ ಮುಖ ಕಾಣುತ್ತದೆ. ಅರ್ಧ ಮುಖ ಇಲ್ಲ. ತಾಯಿ ಗಾಜಿಗೆ ಹಣೆ ಹಚ್ಚಿ ಅಳುತ್ತ ಹೊರಬಾಗಿಲು ತೆರೆಯುವ ಹಿಡಿಕೆ ಎಳೆಯುತ್ತಾಳೆ. ಮಗಳು ಕತ್ತಲಿಗೆ ಹಾರಿಹೋಗುತ್ತಾಳೆ.

ದರ್ಜಿಯ ಕಾಲು ಹೊಲಿಗೆ ಯಂತ್ರದ ಮೇಲೆ ನಿಂತುಬಿಟ್ಟಿತು. ಎದುರಿಗೆ ಕೂತು ಅಂಚು ಮಡಿಸಿ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಿ ನೋಡಿದಳು. ಅವನು ದಾರ ತುಂಡಾಯಿತೇನೋ ಎಂಬಂತೆ ಬಾಬಿನ್ ತೆಗೆದು ನೋಡಿ ಮತ್ತೆ ಹಾಕಿದ.

ಪುಸ್ತಕ ಮುಗಿದ ಮರುದಿನ ಬರೆಯಲು ಕೂತ. ಅವಳ ಹಳೆಯ ಅಭಿಪ್ರಾಯಗಳು ಒಟ್ಟು ನಲವತ್ತೊಂದಿದ್ದವು. ಅಳತೆ ಕೊಡಲು ಆಳಿಲ್ಲದಾಗ ದರ್ಜಿಗಳು ಹಳೆ ಅಂಗಿಯನ್ನೇ ಬಿಚ್ಚಿ, ಹಾಸಿ, ಅದರ ಮೇಲೆ ಹೊಸದನ್ನು ಕತ್ತರಿಸುತ್ತಾರೆ. ಅವನೂ ಹಾಗೇ ಮಾಡಿದ. ಅವಳು ಎಲ್ಲದನ್ನೂ ಯಾರು ಕೇಳಬಾರದು ಎಂಬುದರಿಂದ ಶುರು ಮಾಡುತ್ತಿದ್ದಳು: "ಒಲೆ ಮೇಲೆ ಹಾಲಿಟ್ಟು ಬಂದವರು ಕೇಳಬೇಡಿ, ಮೂರನೇ ಅಧ್ಯಾಯದ ಯುದ್ಧ ಮುಗಿಯೋದ್ರೊಳಗೆ ಹಸುವೇ ಮುದಿಯಾಗುತ್ತೆ." ಹಿನ್ನೆಲೆಯಲ್ಲಿ ಸಂಗೀತ ಬಂದರೆ ಒಂದು ನಕ್ಷತ್ರ ಕಡಿತ. ಐದು ನಕ್ಷತ್ರ ಯಾವುದಕ್ಕೂ ಕೊಟ್ಟವಳಲ್ಲ. ಇಷ್ಟು ಚುರುಕು ಮಾತು ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದೆಂದು ಅವನಿಗೆ ನಂಬಲೇ ಆಗಲಿಲ್ಲ. ಅವಳು ಹಾಸಿಗೆಯ ಮೇಲೆ ನರಳುತ್ತಿದ್ದಳೆಂದೇ ಅವನು ಅಂದುಕೊಂಡಿದ್ದ. ಅವಳು ಅಲ್ಲಿ ಊರನ್ನೆಲ್ಲ ನಗಿಸುತ್ತ ಮಲಗಿದ್ದಳು.

"ಏನು ಬರೀತಿದೀರಿ?" ಹೆಂಡತಿ ಹಿಂದೆ ಬಂದು ನಿಂತಿದ್ದಳು.

ಮುಚ್ಚಿಡಲಾಗದೆ ತೋರಿಸಿದ. ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೊಮ್ಮೆ ಓದಿದಳು.

"ಅವಳಿದಾಳೆ ಅಂತ ಅಂದ್ಕೋತಾರೆ ರೀ, ಅವರು."

"ಅಂದ್ಕೊಳ್ಳಲಿ ಬಿಡು. ನಮಗಂತೂ ಆ ಭಾಗ್ಯ ಇಲ್ಲ."

"ಅವಳ ಬಾಯಲ್ಲಿ ನೀವು ಮಾತಾಡೋದು ನಂಗೆ ಸರಿ ಕಾಣಲ್ಲ," ಎಂದು ಅವಳು ತನ್ನ ಜಾಗಕ್ಕೆ ಹೋಗಿ ಕೂತಳು. ಬೇಡ ಎಂದು ಮಾತ್ರ ಹೇಳಲಿಲ್ಲ.

ಅವನು ಬರೆದ: "ಊಟಕ್ಕೆ ಕೂತವರು ಕೇಳಬೇಡಿ. ಜಾಂಬಿಗಳಿಗಿಂತ ಓದುವವನ ಮೂಗೇ ಹೆಚ್ಚು ಹೆದರಿಸುತ್ತೆ. ಆರನೇ ಅಧ್ಯಾಯದಲ್ಲಿ ಡೋಲು ಬಾರಿಸಿದವನಿಗೆ ಒಂದು ನಕ್ಷತ್ರ ಕಡಿತ." ಮೂರು ನಕ್ಷತ್ರ ಒತ್ತಿ ಕಳಿಸಿದ. ಅವಳ ಹೆಸರಿನ ಮುಂದೆ ನಲವತ್ತೆರಡು ಎಂದು ಬಂತು.

ಅರ್ಧ ಗಂಟೆಯೊಳಗೆ ಮೆಚ್ಚುಗೆಗಳು ಬಂದು ಬಿದ್ದವು. ಅಂತೂ ಬಂದೆಯಲ್ಲ ಮಾರಾಯ್ತಿ ಎಂದರು. ಬೈಗುಳ ಕೇಳದೆ ಕಿವಿ ಒಣಗಿತ್ತು ಎಂದರು. ದರ್ಜಿ ಒಂದೊಂದನ್ನೂ ಹೆಂಡತಿಗೆ ಓದಿ ಹೇಳಿದ. ಅವಳು ಸೂಜಿಯಿಂದ ಕಣ್ಣೆತ್ತದೆ ಕೇಳಿದಳು, ಒಂದೆರಡು ಕಡೆ ತುಟಿ ಅರಳಿಸಿದಳು. ನಾಲ್ಕು ತಿಂಗಳಲ್ಲಿ ಆ ಅಂಗಡಿಯಲ್ಲಿ ಅಂಥ ಮಧ್ಯಾಹ್ನ ಬಂದಿರಲಿಲ್ಲ. ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು.

ಎರಡನೇ ಪಾಳಿಯವನು ಕೆಣಕಿದ: "ಎಲ್ಲ ಸರಿ, ಹನ್ನೊಂದನೇ ಅಧ್ಯಾಯದ ಬಗ್ಗೆ ಒಂದು ಮಾತೂ ಇಲ್ವಲ್ಲ? ನಾನು ಹೇಳ್ತೀನಿ, ಆ ತಾಯಿ ಮಾಡಿದ್ದೇ ಸರಿ. ಬಾಗಿಲಾಚೆ ಇದ್ದದ್ದು ಅವಳ ಮಗಳೇ ಅಲ್ಲ."

ಸರಿಯಂತೆ! ದರ್ಜಿ ಎದುರಿಗಿದ್ದ ಕೋಟಿನ ಕಾಲರನ್ನು ಪಕ್ಕಕ್ಕೆ ತಳ್ಳಿ, ಎರಡೂ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಬರೆದ. ಹಳೆ ಅಂಗಿಯನ್ನು ಹಾಸಿಕೊಳ್ಳುವಷ್ಟು ತಾಳ್ಮೆ ಆಗ ಇರಲಿಲ್ಲ.

"ಏನು ಸರಿ? ಹೆತ್ತವರು ಬಾಗಿಲು ತೆಗೀತಾರೆ. ಮುಖ ಅರ್ಧ ಹೋಗಿದ್ರೂ ತೆಗೀತಾರೆ. ಕಚ್ಚಿದ್ರೆ ಕಚ್ಚಲಿ. ಚಳಿ ಅಂತ ಅಂದ್ಲಲ್ಲ, ಕೇಳಿಸಲಿಲ್ವಾ ಅವಳಿಗೆ? ಈ ಕಥೆ ಬರೆದವನಿಗೆ ಮಕ್ಕಳಿಲ್ಲ. ನಾಲ್ಕು ತಿಂಗಳಿಂದ ನಾನು ಮನೆ ಬಾಗಿಲಿಗೆ ಚಿಲಕ ಹಾಕಿಲ್ಲ."

ಕಳಿಸಿದ ಮೇಲೆ ಓದಿಕೊಂಡು ನಾಲಿಗೆ ಕಚ್ಚಿಕೊಂಡ. ತೆಗೆದುಹಾಕೋಣವೆಂದರೆ ಎಲ್ಲಿ ಒತ್ತಬೇಕೆಂದು ಹುಡುಕುವಷ್ಟರಲ್ಲಿ ನಾಲ್ಕು ಜನ ನೋಡಿದ್ದರು. ಗಿರಾಕಿಯೊಬ್ಬರು ಬಂದು ಅಳತೆ ಕೊಟ್ಟು ಹೋದರು. ಅವನು ಭುಜದ ಅಳತೆಯನ್ನು ಎರಡು ಸಲ ತಪ್ಪಾಗಿ ಬರೆದುಕೊಂಡ. ಸಂಜೆ ಐದಕ್ಕೆ, ಬೇರೆ ಯಾರಿಗೂ ಕಾಣದಂತೆ ಅವಳೊಬ್ಬಳಿಗೇ ಬರೆಯುವ ಕಡೆ, ಎರಡನೇ ಪಾಳಿಯವನ ಮಾತು ಬಂತು.

"ನೀವು ಅವಳ ತಂದೆಯವರಾ? ಕಾಜಾ ಹೊಲಿಯುವವರು?"

ಅವಳು ಅಪ್ಪನ ವಿಷಯವನ್ನೂ ಹೇಳಿದ್ದಾಳೆ. ಯಾರೋ ಕಂಡರಿಯದ ಮನುಷ್ಯನಿಗೆ ಬೆಂಚಿನ ಮೇಲೆ ಕೂತ ಅಪ್ಪನ ಕಾಜಾದ ಸುದ್ದಿ ಗೊತ್ತಿದೆ.

ಈ ನಾಲ್ಕು ತಿಂಗಳಲ್ಲಿ ಎಷ್ಟೋ ಜನ ದರ್ಜಿಯ ಎದುರು ಅವಳು ಹೋದಳೆಂಬ ಮಾತಾಡಿದ್ದರು, ಅವನು ತಲೆಯಾಡಿಸಿದ್ದ. ತಾನಾಗಿ ಒಂದು ಸಲವೂ ಹೇಳಿರಲಿಲ್ಲ. ಹೇಳಿಬಿಟ್ಟರೆ ಇಲ್ಲಿಯೂ ಅವಳು ಇರುವುದಿಲ್ಲ. ಸುಳ್ಳು ಹೇಳೋಣವೆಂದರೆ, ಅವಳ ಜೊತೆ ಇಷ್ಟು ಜಗಳವಾಡಿದ ಮನುಷ್ಯನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಕೊನೆಗೆ ಬರೆದ: "ಹೌದು. ಅವಳು ಹೋಗಿ ನಾಲ್ಕು ತಿಂಗಳಾಯ್ತು. ಬರೆದದ್ದು ನಾನು. ಕ್ಷಮಿಸಿ."

ಆ ಕಡೆಯವನು ಬರೆಯುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಮೂರು ಚುಕ್ಕಿಗಳು ಕಾಣಿಸಿ ಮಾಯವಾಗುತ್ತಿದ್ದವು.

"ಸರ್, ನಾನೊಂದು ಕಾರ್ಖಾನೆಯಲ್ಲಿದ್ದೀನಿ. ಅವಳ ಜೊತೆ ಜಗಳ ಆಡ್ತಾ ಆಡ್ತಾ ಪಾಳಿ ಕಳೆದದ್ದೇ ಗೊತ್ತಾಗ್ತಿರಲಿಲ್ಲ. ಚಿಲಕದ ಮಾತು ಓದಿದಾಗಲೇ ಗೊತ್ತಾಯ್ತು. ಈ ಪುಸ್ತಕ ಬರುತ್ತೆ ಅಂತ ಮೊದಲು ಸುದ್ದಿ ಹಾಕಿದ್ರಲ್ಲ, ಆಗ ನಮ್ಮಿಬ್ಬರಿಗೂ ಇದೇ ಜಗಳ ಆಗಿತ್ತು. ನೀನು ಜಾಂಬಿ ಆದ್ರೆ ಮೊದಲು ಯಾರ ಮನೆಗೆ ಹೋಗ್ತೀಯ ಅಂತ ನಾನು ತಮಾಷೆಗೆ ಕೇಳಿದ್ದೆ. ಅವಳಿಗೆ ಹುಷಾರಿಲ್ಲ ಅಂತ ನನಗೆ ಗೊತ್ತಿತ್ತು, ಇಷ್ಟು ಅಂತ ಗೊತ್ತಿರಲಿಲ್ಲ. ಅವಳು ಬರೆದದ್ದನ್ನ ಹಾಗೇ ಕಳಿಸ್ತಿದ್ದೀನಿ."

ಕೆಳಗೆ ಅವಳ ಮಾತಿತ್ತು.

"ಎಲ್ಲಿಗೆ ಬೇಕಾದ್ರೂ ಹೋಗ್ತೀನಿ, ನಮ್ಮನೆಗೆ ಮಾತ್ರ ಹೋಗಲ್ಲ. ನಮ್ಮಪ್ಪ ಅಮ್ಮ ಹಿಂದೆ ಮುಂದೆ ನೋಡದೆ ಬಾಗಿಲು ತೆಗೆದುಬಿಡ್ತಾರೆ, ಪೆದ್ದುಗಳು. ಅಪ್ಪ ಅಂತೂ ಕಾಲು ಊದಿದ್ಯಾ ಅಂತ ನೋಡೋಕೆ ಬಗ್ತಾರೆ. ಅದಕ್ಕೇ ಆ ಬೀದಿಗೇ ಕಾಲಿಡಲ್ಲ ನಾನು. ದೂರದಿಂದ್ಲೇ ತಿರುಗಿ ಹೋಗ್ತೀನಿ."

ದರ್ಜಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಓದಿದಳು. "ಪೆದ್ದುಗಳು" ಎಂಬಲ್ಲಿ ಕಿಸಕ್ಕನೆ ನಗು ಬಂತು, ಆ ನಗುವೇ ಅಳುವಾಯಿತು. ಮೊಣಕಾಲ ಮೇಲಿದ್ದ ಯಾರದೋ ಅಂಗಿಯಲ್ಲಿ ಮುಖ ಹುದುಗಿಸಿ ಅತ್ತಳು. ಅವನು ಎದ್ದುಹೋಗಿ ಅವಳ ಪಕ್ಕದ ಸ್ಟೂಲಿನ ಮೇಲೆ ಕೂತ. ಮಗಳು ಹೋದ ದಿನವೂ ಅವರಿಬ್ಬರೂ ಹೀಗೆ ಒಟ್ಟಿಗೆ ಅತ್ತಿರಲಿಲ್ಲ. ಒಬ್ಬರು ಅತ್ತರೆ ಇನ್ನೊಬ್ಬರು ಗಟ್ಟಿಯಾಗಿರಬೇಕಿತ್ತು.

"ಬಾಗಿಲು ತೆಗೀತಿದ್ವಿ ಅಲ್ವಾ?" ಎಂದಳು ಅವಳು, ಸೆರಗಿನಿಂದ ಮುಖ ಒರೆಸಿಕೊಂಡು.

"ತೆಗೀತಿದ್ವಿ."

"ಅವಳಿಗೆ ಗೊತ್ತಿತ್ತು."

ಆ ಅಭಿಪ್ರಾಯ, ಉತ್ತರ ಎರಡನ್ನೂ ಅಳಿಸುವುದು ಹೇಗೆಂದು ಅವರಿಬ್ಬರೂ ಸೇರಿ ಹುಡುಕಿದರು. ಈ ಅಭಿಪ್ರಾಯವನ್ನು ತೆಗೆಯಬೇಕೇ ಎಂದು ಫೋನು ಎರಡು ಸಲ ಕೇಳಿತು. ಎರಡು ಸಲವೂ ದರ್ಜಿ ಹೌದು ಒತ್ತಿದ. ಅವನು ಬರೆದದ್ದೆಲ್ಲ ಹೋಯಿತು, ಅವಳು ಬರೆದದ್ದಷ್ಟೇ ಉಳಿಯಿತು. ವೈದ್ಯರು ಹೇಳಿದಾಗ, ನೆಂಟರು ಹೇಳಿದಾಗ, ಕೈಯಾರೆ ಎಲ್ಲ ಮುಗಿಸಿ ಬಂದಾಗಲೂ ಅವನು ನಂಬಿರಲಿಲ್ಲ. ಅವಳಿನ್ನು ಬರುವುದಿಲ್ಲವೆಂದು ಅವನು ನಂಬಿದ್ದು ಆವತ್ತು, ಹಾಗೆಂದು ಅವಳೇ ಹೇಳಿದ್ದರಿಂದ.