ಏಳನೇ ನಂಬರಿನ ಉಸಿರು

ಏಳನೇ ನಂಬರು, ಊದುವವರು ಯಾರೆಂದು ತೀರ್ಪುಗಾರರಾದ ನಮಗೆ ಮೂವರಿಗೂ ಕಾಣದಂತೆ ಕಟ್ಟಿದ ಪರದೆಯ ಆಚೆ ಕುರ್ಚಿ ಕಿರ್ರೆಂದಿತು, ಕೆಮ್ಮಿಲ್ಲ, ಗಂಟಲು ಸರಿಮಾಡಿಕೊಂಡದ್ದಿಲ್ಲ, ನೇರ ಸ್ವರ — ಕ್ಲಾರಿನೆಟ್ಟಿನ ತಗ್ಗಿನ ಸ್ವರ ಹೀಗೇ ಹುಟ್ಟಬೇಕು, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಬೆಳಗಿನಿಂದ ಆರು ಜನ ಕಿವಿ ತೂತು ಬೀಳುವಂತೆ ಊದಿದ ಮೇಲೆ ಹೋದ ಜೀವ ಬಂದಂತಾಯಿತು, ಪಕ್ಕದ ಬ್ಯಾಂಡ್ ಮಾಸ್ತರರು ಕಾಲು ಅಲ್ಲಾಡಿಸುವುದನ್ನೂ ನಿಲ್ಲಿಸಿದ್ದಾರೆ, ದೇಶದ ಅತ್ಯುತ್ತಮ ವಾದಕರೆಂದು ಮೂವರನ್ನು ಆರಿಸಬೇಕು, ಒಬ್ಬರು ಸಿಕ್ಕಂತೆಯೇ, ಈಗ ಸ್ವರಗಳ ಆ ಉದ್ದನೆಯ ಸಾಲು, ಒಂದೇ ಉಸಿರಿಗೆ ಮುಗಿಯಬೇಕಾದದ್ದು, ಏರುತ್ತಿದೆ, ಏರುತ್ತಿದೆ, ಅಯ್ಯೋ — ನಡುವೆ ಉಸಿರು ತೆಗೆದುಕೊಂಡರಲ್ಲ. ಅಲ್ಲಿ ಯಾರೂ ಉಸಿರು ತೆಗೆದುಕೊಳ್ಳುವುದಿಲ್ಲ. ಯಾರೂ ಅಂದರೆ, ನನ್ನನ್ನು ಬಿಟ್ಟು. ಒಂದು ವರ್ಷ ನನಗೆ ನ್ಯುಮೋನಿಯಾ, ಸಾಲು ಮುಗಿಯುವ ಮುಂಚೆ ಕಣ್ಣಿಗೆ ಕತ್ತಲೆ, ಸ್ವರದ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಚಿಕ್ಕ ಗೀಟು, ಇಲ್ಲಿ ಕದ್ದು ಉಸಿರೆಳೆದುಕೋ ಅಂತ ನನಗೆ ನಾನೇ — ಅದೇ ಹಾಳೆಯನ್ನು ಅಳಿಸದೆ ಅವಳಿಗೆ ಕೊಟ್ಟೆ, ನನ್ನ ಹತ್ತಿರ ಕಲಿಯಲು ಬಂದ ದರ್ಜಿಯ ಮಗಳಿಗೆ, ಆಗ ಅವಳಿಗೆ ಹತ್ತು ವರ್ಷ, ತೂತು ಮುಚ್ಚುವಷ್ಟೂ ಬೆರಳು ದಪ್ಪವಿರಲಿಲ್ಲ, ಮೇಷ್ಟ್ರೇ ಈ ಗೀಟು ಯಾಕೆ, ಇದ್ರೆ ಇರ್ಲಿ ಬಿಡಮ್ಮ, ಬರೆದ ಹಾಗೆ ಊದು. ನನ್ನ ಎದೆಯಲ್ಲಿ ಗಾಳಿ ನಿಲ್ಲದು ಎಂದು ಮಗುವಿನ ಮುಂದೆ ಹೇಳಲು ಬಾಯಿ ಬರಲಿಲ್ಲ, ನಾಚಿಕೆ, ಬರೀ ನಾಚಿಕೆ. ಪರದೆಯ ಆಚೆ ಇರುವುದು ಅವಳೇ, ಹದಿನೈದು ವರ್ಷ ಅವಳು ನನ್ನ ಕಾಯಿಲೆಯನ್ನು ಜೋಪಾನ ಮಾಡಿಕೊಂಡು ಬಂದಿದ್ದಾಳೆ.

ಇನ್ನೊಬ್ಬ ತೀರ್ಪುಗಾರರು, ಪಿಯಾನೋ ಮೇಡಂ, ಪಿಸುಗುಟ್ಟುತ್ತಾರೆ, ನಾದ ಚಿನ್ನ ಸರ್, ಆದ್ರೆ ಉಸಿರು ಸಾಲಲ್ವಲ್ಲ, ಮೊದಲ ಮೂವರಲ್ಲಿ ಹೇಗ್ ಹಾಕೋದು, ಮಾಸ್ತರರು ಹೌದೆಂದು ತಲೆಯಾಡಿಸುತ್ತಾರೆ — ಅವಳಿಗೆ ಉಸಿರು ಬೇಕಾದಷ್ಟಿದೆ ಮೇಡಂ, ಇಲ್ಲದಿದ್ದದ್ದು ನನಗೆ, ಎಂದು ನಾನು ಹೇಳಬೇಕು, ಎಂದರೆ ಗುರುತು ಸಿಕ್ಕಿತೆಂದಾಯಿತು, ಊದುವವರ ಗುರುತು ಸಿಕ್ಕಿದ ತೀರ್ಪುಗಾರ ಎದ್ದು ಹೋಗಬೇಕು, ನಿಯಮ, ಮೇಷ್ಟ್ರು ಶಿಷ್ಯೆಯ ಪರ ವಹಿಸಿದರು ಎನ್ನುತ್ತಾರೆ, ಹೇಳಿದ ಮಾತೂ ನೀರಿನಲ್ಲಿ ಹೋಮ, ಬಾಯಿ ಮುಚ್ಚಿಕೊಂಡು ಹತ್ತಕ್ಕೆ ಹತ್ತು ಕೊಟ್ಟರೂ ಅವರಿಬ್ಬರು ಐದೈದು ಕೊಟ್ಟರೆ ಅವಳು ಹೊರಗೆ, ನನ್ನ ತಪ್ಪಿಗೆ ಅವಳು ಹೊರಗೆ — ತಡೆ, ಮತ್ತೆ ಅದೇ ಸಾಲು ಬರುತ್ತಿದೆ, ಎರಡನೇ ಸಲ, ಬೇಡಮ್ಮ, ನಿಲ್ಲಬೇಡ, ದಾಟಿ ಹೋಗು, ಹೋಗು — ತೆಗೆದುಕೊಂಡಳು. ಅದೇ ಜಾಗ. ಹೇಳಿದ ಮಾತು ಮೀರದ ಹುಡುಗಿ. ಕೈಯಲ್ಲಿ ಪೆನ್ಸಿಲ್, ಎದುರಿಗೆ ಅವಳ ಅಂಕ ತುಂಬಬೇಕಾದ ಖಾಲಿ ಚೌಕ, ಬರೆಯಹೋದರೆ ಅಂಕೆ ಬೀಳುತ್ತಿಲ್ಲ, ಬೀಳುತ್ತಿರುವುದು ಗೀಟು, ಚಿಕ್ಕ ಗೀಟು, ಸ್ವರದ ತಲೆಯ ಮೇಲೆ ನಾನು ಅಳಿಸದೆ ಬಿಟ್ಟ ಆ ಗೀಟು