ಕಂಡವರು ಸಾವಿರ, ಮುಟ್ಟಿದವರು ಮೂವರು

ನಾನು ಒಂದು ನೀಲಿ ಸಾಲು. ನೀವು ಫೋನಿನಲ್ಲಿ ಏನನ್ನೋ ಹುಡುಕಿದಾಗ ಒಂದರ ಕೆಳಗೊಂದು ಸಾಲು ಮೂಡುತ್ತವಲ್ಲ, ಬೆರಳಿಟ್ಟರೆ ಯಾವುದೋ ಪುಟ ತೆರೆಯುತ್ತದಲ್ಲ, ಆ ಪೈಕಿ ನಾನೂ ಒಬ್ಬ. ಗಾಜಿನ ಅಡಿಯಿಂದ ನನಗೆ ಕಾಣುವುದು ಜನರ ಹೆಬ್ಬೆರಳು, ಅದರ ಹಿಂದೆ ಒಂದಿಷ್ಟು ಮುಖ.

ಹುಟ್ಟಿದ್ದು ಅಥಣಿಯ ಮಾಯವ್ವನ ಚಪ್ಪಲಿ ಅಂಗಡಿಯಲ್ಲಿ. ಅವಳ ಗಂಡ ಸತ್ಯಪ್ಪನವರಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದಿತ್ತು. ಮೊಳೆ ಚುಚ್ಚಿದ್ದೂ ಗೊತ್ತಾಗದೆ ಹುಣ್ಣಾಯಿತು. ಅಂಥ ಕಾಲಿಗೆಂದೇ ಮೆತ್ತನೆಯ ಚಪ್ಪಲಿಯೊಂದನ್ನು ಅವರು ಕತ್ತರಿಸಿಟ್ಟಿದ್ದರು. ಹೊಲಿಗೆ ಮುಗಿಯುವ ಮೊದಲೇ ಕಾಲು ಹೋಯಿತು, ಆಮೇಲೆ ಅವರೂ ಹೋದರು. ಆ ಜೋಡಿಯನ್ನು ಮಾಯವ್ವ ಹೊಲಿದು ಮುಗಿಸಿ ಗೂಡಿನಲ್ಲಿಟ್ಟಳು. ಇನ್ನೊಬ್ಬರ ಕಾಲು ಹೋಗುವ ಮೊದಲು ಇಂಥ ಚಪ್ಪಲಿ ಅವರಿಗೆ ಸಿಗಬೇಕು ಎಂಬುದೊಂದೇ ಅವಳ ಹಟ. ಅದಕ್ಕೇ ಸೊಸೆ ರೋಹಿಣಿ ಅಂಗಡಿಗೊಂದು ಪುಟ ಮಾಡಿ, ಅದರ ತಲೆಬರಹವಾಗಿ ನನ್ನನ್ನು ಬರೆದಳು.

ಹೇಗಿರಬೇಕೆಂದು ಹೇಳಿದ್ದು ಮಾತ್ರ ಮಾಯವ್ವ. ಲಗ್ನಪತ್ರಿಕೆಯೇ ಇರಲಿ, ಅಂಗಡಿಯ ಬೋರ್ಡೇ ಇರಲಿ, ದೇವರಿಲ್ಲದೆ ಶುರುವಾದೀತೆ? ‘ಶ್ರೀ ರೇಣುಕಾದೇವಿ ಪ್ರಸನ್ನ, ದಿವಂಗತ ಸತ್ಯಪ್ಪ ರಾಮಪ್ಪ ಹೊನಕಾಂಬಳೆ ಇವರ ಸ್ಮರಣಾರ್ಥ’ ಎಂದಾದ ಮೇಲೆ ಚಪ್ಪಲಿಯ ಮಾತು. ಆದರೆ ನಮ್ಮಂಥ ಸಾಲುಗಳಿಗೆ ಪರದೆಯ ಮೇಲೆ ಸಿಗುವುದು ಗೇಣು ಜಾಗ. ‘ಸ್ಮರಣಾರ್ಥ’ಕ್ಕೇ ಅದು ಮುಗಿದು ಮೂರು ಚುಕ್ಕಿ ಬಿದ್ದವು. ಚಪ್ಪಲಿ ಚುಕ್ಕಿಗಳಾಚೆ ಉಳಿಯಿತು.

ಸೋಮವಾರಕ್ಕೊಮ್ಮೆ ರೋಹಿಣಿ ಲೆಕ್ಕ ನೋಡುತ್ತಿದ್ದಳು. ಕಂಡವರು ಸಾವಿರದ ನೂರ ನಲವತ್ತು ಮಂದಿ, ಮುಟ್ಟಿದವರು ಮೂವರು. ನನ್ನ ಜಾಗವೇನೂ ಕೆಟ್ಟದ್ದಲ್ಲ, ಮೇಲಿನಿಂದ ಐದನೆಯದು. ಆದರೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಬ್ಬೆರಳುಗಳು ನನ್ನ ಮೇಲೆ ನೆರಳು ಚೆಲ್ಲಿ, ಜಾರಿ, ಕೆಳಗಿನವನ ಹತ್ತಿರ ನಿಲ್ಲುತ್ತಿದ್ದವು. ಸಂತೆಯ ನಡುವೆ ನಿಂತೂ ಒಂಟಿಯಾಗುವುದು ಹೇಗೆಂದು ನನ್ನನ್ನು ಕೇಳಿ. ಮುಟ್ಟಿದ ಮೂವರಲ್ಲೊಬ್ಬರು ಫೋನು ಮಾಡಿ, “ದಿವಸ ಯಾವತ್ತ ಐತ್ರೀ?” ಎಂದರು. ಪಾಪ, ನನ್ನನ್ನು ತಿಥಿಯ ಕರೆಯೋಲೆ ಅಂದುಕೊಂಡಿದ್ದರು.

ರೋಹಿಣಿ ಅಂದು ಅತ್ತೆಯ ಮುಂದೆ ಕೂತಳು. “ಅತ್ತೀ, ಮಂದಿ ಕಾಲ್ ಜೋಮು ಅಂತ ಹುಡುಕ್ತಾರ್ರೀ. ನಮ್ಮ ಸಾಲಿನ್ಯಾಗ ಕಾಲಿನ ಮಾತ ಇಲ್ಲ. ಮಾವಾರ ಹೆಸರ ಪುಟದ ಒಳಗ ಇಡೂಣ್ರೀ.”

“ಅವರ ಹೆಸರ ಇನ್ನೆಲ್ಲಿ ಐತವ್ವಾ? ಇದೊಂದ ಕಡೆನ ಇತ್ತು,” ಎಂದಳು ಮಾಯವ್ವ. ಗೂಡಿನಲ್ಲಿದ್ದ ಜೋಡಿಯನ್ನು ಬಹಳ ಹೊತ್ತು ನೋಡಿದಳು. “ತಗಿ. ಯಾರದರ ಕಾಲ ಉಳದ್ರ ಅವರಿಗೂ ಸಮಾಧಾನ.”

ಹೀಗೆ ನಾನು ಎರಡನೇ ಸಲ ಹುಟ್ಟಿದೆ: ‘ಕಾಲು ಜೋಮು ಹಿಡಿದವರಿಗೆ ಅಳತೆಯ ಮೆತ್ತನೆ ಚಪ್ಪಲಿ, ಅಥಣಿ’. ಜಾಗ ಅದೇ ಐದನೆಯದು, ಆದರೆ ಸಾವಿರ ಮಂದಿಯಲ್ಲಿ ಅರವತ್ತು ಮಂದಿ ಮುಟ್ಟಿದರು. ಹಳೇ ಪೇಪರಿನ ಮೇಲೆ ಪಾದವಿಟ್ಟು ಗೀಟೆಳೆದ ಅಳತೆಗಳು ಅಂಚೆಯಲ್ಲಿ ಬಂದವು. ಜಮಖಂಡಿಯ ಮೇಷ್ಟ್ರೊಬ್ಬರು ಎರಡೂ ಕಾಲ ಮೇಲೆ ನಡೆದು ಬಂದು ಮಾಯವ್ವನಿಗೆ ಕೈ ಮುಗಿದರಂತೆ. ‘ಅಂತೆ’ ಎನ್ನುತ್ತೇನೆ, ಏಕೆಂದರೆ ನನ್ನನ್ನು ಮುಟ್ಟಿದವರು ನನ್ನನ್ನು ದಾಟಿ ಹೋಗುತ್ತಾರೆ. ತಿರುಗಿ ನೋಡಿದವರು ಒಬ್ಬರೂ ಇಲ್ಲ. ನೋವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ವರ್ಷಗಳು ಉರುಳಿದವು. ಹುಡುಕಾಟದ ನೆತ್ತಿಯ ಮೇಲೆ ಒಂದು ಚೌಕ ಬಂದು ಕೂತಿತು. ಕೇಳಿದ್ದಕ್ಕೆಲ್ಲ ತಾನೇ ಉತ್ತರ ಹೇಳಿ ಮುಗಿಸುತ್ತದೆ. ಅದರ ಕೆಳಗೆ ದೊಡ್ಡ ಅಂಗಡಿಗಳು. ನಾನು ಎರಡನೇ ಪುಟಕ್ಕೆ ಜಾರಿದೆ. ಅಲ್ಲಿಗೆ ನರಪಿಳ್ಳೆಯೂ ಬರುವುದಿಲ್ಲ. ಮಾಯವ್ವನ ಅಂಗಡಿಗೇನೂ ಕೊರತೆಯಿಲ್ಲ, ಜನ ಬಾಯಿಂದ ಬಾಯಿಗೆ ಕೇಳಿ ಬರುತ್ತಾರೆ. ರೋಹಿಣಿಯೇ ಈಗ ಹೊಲಿಯುತ್ತಾಳೆ. ಲೆಕ್ಕ ನೋಡಲು ಅವಳಿಗೆ ಪುರುಸೊತ್ತಿಲ್ಲ.

ಆದರೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ಬೆರಳು ಬರುತ್ತದೆ. ದಾರ ಎಳೆದೆಳೆದು ಗೀರು ಬಿದ್ದ ಬೆರಳು. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಮಾಯವ್ವ ಜೀವಮಾನವಿಡೀ ಹೇಳಿದವಳಲ್ಲ. ಈಗ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾಳೆ: ಸತ್ಯಪ್ಪ ಹೊನಕಾಂಬಳೆ. ಆ ಹೆಸರನ್ನು ಹುಡುಕುವವರು ಲೋಕದಲ್ಲಿ ಅವಳೊಬ್ಬಳೇ. ಹುಡುಕಿದರೆ ಮೊದಲು ಬರುವವನು ನಾನು. ರೋಹಿಣಿ ಪುಟದ ಒಳಗೆ ಇಟ್ಟಿದ್ದ ಅವರ ಹೆಸರು ನನ್ನ ಕೆಳಗಿನ ಸಣ್ಣ ಅಕ್ಷರಗಳ ನಡುವೆ ದಪ್ಪಗೆ ಮೂಡುತ್ತದೆ. ಅದನ್ನು ನೋಡುತ್ತಾ ಕೂತು, ಕೊನೆಗೆ ಬೆರಳಿಡುತ್ತಾಳೆ.

ರೋಹಿಣಿ ಎಣಿಸದಿದ್ದರೇನು, ನಾನು ಎಣಿಸುತ್ತೇನೆ. ಕಂಡವರು ಒಬ್ಬರು. ಮುಟ್ಟಿದವರು ಒಬ್ಬರು.